ರುಕ್ಮಿಣಿಬಾಯಿಯವರಿಗೆ ಒಂದು ಮುಖ

ನಮ್ಮ ಅಳಿಯನಿಗೆ ಕ್ರಿಕೆಟ್ಟಿನ ಹುಚ್ಚು. ಕಳೆದ ಭಾನುವಾರ ಹೊಸ ಬ್ಯಾಟು ತಂದು, ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಅದಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಒಳಗೆ ಮಲಗಿದ್ದ ನನಗೆ ಆ ವಾಸನೆ ಬಂದದ್ದೇ ತಡ, ಎದ್ದು ಬಂದು, "ಅದನ್ನ ಅಂಗಳಕ್ಕ ಒಯ್ದು ತಿಕ್ಕೋರಿ" ಎಂದು ಸಿಡುಕಿದೆ. ಅಳಿಯನ ಮೇಲೆ ಸಿಡುಕುವ ಮಾವ ನಾನಲ್ಲ. ಅವನು ಬೆಪ್ಪಾಗಿ ಬ್ಯಾಟು ಎತ್ತಿಕೊಂಡು ಹೊರಗೆ ಹೋದ. ಮಗಳು ಅಡಿಗೆಮನೆಯಿಂದ ಇಣುಕಿ ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಸರಿದಳು. ಆ ಜಾಣತನವನ್ನು ಅವಳು ತಾಯಿಯಿಂದ ಕಲಿತಿದ್ದಾಳೆ.

ಧಾರವಾಡದ ಕಡೆಯವರಿಗೆ ಅಗಸೆ ಎಂದರೆ ಚಟ್ನಿಪುಡಿ; ಬಿಸಿ ರೊಟ್ಟಿಯ ಮೇಲೆ ಉದುರಿಸಿಕೊಂಡು ತಿಂದರೆ ಆಯಿತು. ನನಗೂ ಬಹಳ ವರ್ಷ ಅಷ್ಟೇ ಆಗಿತ್ತು. ಆಮೇಲೆ ಮುಂಬಯಿಯಲ್ಲಿ ಚಿತ್ರಕಲೆ ಕಲಿಯಲು ಹೋದಾಗ ಅದೇ ಅಗಸೆಯ ಎಣ್ಣೆಯಲ್ಲಿ ಬಣ್ಣ ಕಲಸುತ್ತಾರೆಂದು ತಿಳಿಯಿತು. ಈಗ ಅದರ ವಾಸನೆ ಬಂದರೆ ನನಗೆ ಮನೆಯೊಳಗೆ ಕೂರಲಾಗುವುದಿಲ್ಲ. ಯಾರ ಕೈಕೆಳಗೂ ಇರದೆ, ಕುಂಚ ಒಂದನ್ನೇ ನಂಬಿ ಬದುಕುತ್ತೇನೆಂದು ಹೊರಟಿದ್ದ ನನ್ನ ಒಂದೇ ಒಂದು ಮಳೆಗಾಲ ಆ ವಾಸನೆಯೊಳಗೆ ಕೂತಿದೆ. ಅದು ಇದೇ ಪುಣೆಯಲ್ಲಿ, ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದಾಗ.

ಆಗ ನಾನು ಕಾಲುವೆಗಳ ಕಚೇರಿಯೊಂದರಲ್ಲಿ ನಕಾಶೆ ತೆಗೆಯುತ್ತಿದ್ದೆ. ತೆಗೆಯುವುದೆಂದರೆ, ಬೇರೆಯವರು ಬರೆದ ನಕಾಶೆಯ ಮೇಲೆ ತೆಳುವಾದ ಮೇಣಬಟ್ಟೆ ಹಾಸಿ, ಕೆಳಗೆ ಕಂಡ ಗೆರೆಯನ್ನೇ ಮೇಲೆ ಬರೆಯುವುದು. ಗೆರೆ ಸ್ವಲ್ಪ ಆಚೀಚೆಯಾದರೆ ಬೈಗುಳ, ಸರಿಯಾಗಿ ಬಂದರೆ ಮೌನ. ಚಿತ್ರ ಕಲಿತು ಬಂದವನ ಕೈಗೆ ಇಂಥ ಕೆಲಸ ಸಿಕ್ಕರೆ ಕೈ ಒಳಗೊಳಗೇ ಸಾಯುತ್ತದೆ. ಚೈತ್ರದಲ್ಲಿ ಒಂದು ದಿನ ರಾಜೀನಾಮೆ ಕೊಟ್ಟು ಮನೆಗೆ ಬಂದೆ. ಹೆಂಡತಿ ಇಂದಿರಾ, "ಅಣ್ಣಗ ಹೇಳೀರೇನು?" ಎಂದು ಕೇಳಿದಳು, ಅಷ್ಟೇ. ಅಣ್ಣ ಎಂದರೆ ಅವಳ ಅಣ್ಣ, ಅದೇ ಕಚೇರಿಯ ಹೆಡ್ ಕ್ಲಾರ್ಕ್ ವೆಂಕೋಬರಾಯರು. ಆ ಕೆಲಸ ಕೊಡಿಸಿದವರೂ ಅವರೇ.

ವೆಂಕೋಬರಾಯರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅಡಿಕೆ ಕತ್ತರಿಸುತ್ತ, "ದೀಪಾವಳಿ ತನಕಾ ನಿಮ್ಮ ಖುರ್ಚಿ ಖಾಲಿ ಇರೂ ಹಂಗ ನೋಡ್ಕೋತೀನಿ. ಅಷ್ಟರಾಗ ನಿಮ್ಮ ಹುಚ್ಚು ಇಳದ್ರ ಬರ್ರಿ. ಇಳೀಲಿಲ್ಲಂದ್ರ ದೇವರಿದ್ದಾನ" ಎಂದರು. ಆ ಖುರ್ಚಿಯಲ್ಲಿ ಈ ಜನ್ಮದಲ್ಲಿ ಕೂರುವುದಿಲ್ಲವೆಂದು ನಾನು ಮನಸ್ಸಿನಲ್ಲೇ ಶಪಥ ಮಾಡಿದೆ. ಕೂಸು ಹುಟ್ಟುವ ಮುಂಚೆ ಕುಲಾಯಿ ಹೊಲಿಸುವುದರಲ್ಲಿ ನಾನು ಯಾರಿಗೂ ಕಮ್ಮಿಯಿರಲಿಲ್ಲ.

ನಾರಾಯಣ ಪೇಠಿನ ಒಂದು ಹಳೆಯ ವಾಡೆಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ನಮ್ಮವು. ಉತ್ತರಕ್ಕೆ ಕಿಟಕಿ ಇದ್ದ ಕೋಣೆಯನ್ನು ಚಿತ್ರಕ್ಕೆ ಬಿಟ್ಟು, ಅಡಿಗೆ, ಊಟ, ನಿದ್ದೆ ಎಲ್ಲವನ್ನೂ ಇನ್ನೊಂದರಲ್ಲಿ ತುಂಬಿದೆವು. ಮನೆಯೊಡತಿ ಗೋದಾವರಿಬಾಯಿ ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ ಮೇಲೆ ನೋಡಿ ಕೇಳುತ್ತಿದ್ದರು: "ಕಾಯ್ ಹೋ ಚಿತ್ರಕಾರ, ಮಿಳಾಲಂ ಕಾ ಕಾಹೀ ಕಾಮ್?" ಏನಾದರೂ ಕೆಲಸ ಸಿಕ್ಕಿತೇ ಎಂಬ ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಕನಿಕರವಿತ್ತು. ಅದಕ್ಕೇ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಲಕಡಿ ಪೂಲ್ ಎಂಬ ಸೇತುವೆಯ ಹತ್ತಿರ ನಿಂಬೆಹಣ್ಣು ಮಾರುತ್ತಿದ್ದ ಒಬ್ಬ ಮುದುಕಿಯ ಚಿತ್ರ ಬರೆದೆ. ಮುಗಿದ ದಿನ ಮನೆಗೆ ಜಿಲೇಬಿ ತಂದೆ. ಇಂದಿರಾಳನ್ನು ಚಿತ್ರದ ಎದುರು ನಿಲ್ಲಿಸಿ, ನಿಂಬೆಯ ಮೇಲೆ ಬಿಸಿಲು ಹೇಗೆ ಬಿದ್ದಿದೆ ನೋಡು ಎಂದು ಒಂದೇ ಸಮ ಮಾತಾಡಿದೆ. ಮುಂಬಯಿಯ ಪ್ರದರ್ಶನಕ್ಕೆ ಅದನ್ನು ಕಳಿಸಿದೆ. ಅದು ಅಲ್ಲಿಂದ ಚೌಕಟ್ಟಿನ ಒಂದು ಮೂಲೆ ಮುರಿಸಿಕೊಂಡು ವಾಪಸು ಬಂತು. ಬೆಳಿಗ್ಗೆ ನನಗಿಂತ ದೊಡ್ಡ ಚಿತ್ರಕಾರನಿಲ್ಲ, ಸಂಜೆಗೆ ನಾಯಿಯೂ ಮೂಸದವನು. ಇದು ಆ ದಿನಗಳ ನನ್ನ ಹವೆ. ಹೆಸರಿಲ್ಲದೆ ಯಾರೂ ಚಿತ್ರ ಬರೆಸುವುದಿಲ್ಲ, ಚಿತ್ರ ಬರೆಯದೆ ಹೆಸರು ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ. ಕಡೆಗೆ ಅಂಗಡಿಗಳ ಫಲಕ ಬರೆಯಲು ಇಳಿದೆ. ನಶ್ಯದ ಅಂಗಡಿಗೆ ಒಂದು, ಕೊಡೆ ರಿಪೇರಿಯವನಿಗೆ ಒಂದು, ಆಮೇಲೆ ಕ್ಯಾಂಪಿನಲ್ಲಿ ದಂಡಿನ ಕುದುರೆಗಳಿಗೆ ಹುರುಳಿ ಕಡಲೆ ಒದಗಿಸುತ್ತಿದ್ದ ನರಸಿಂಗರಾಯರ ಗೋದಾಮಿಗೆ ಒಂದು.

ನರಸಿಂಗರಾಯರು ವಿಜಾಪುರದ ಕಡೆಯಿಂದ ಬಂದು ಪುಣೆಯಲ್ಲಿ ಬೇರು ಬಿಟ್ಟ ಕಂತ್ರಾಟದಾರರು. ಶನಿವಾರ ಪೇಠಿನಲ್ಲಿ ದೊಡ್ಡ ವಾಡೆ, ಮನೆತುಂಬ ಕನ್ನಡ, ಬಾಗಿಲ ಹೊರಗೆ ಮರಾಠಿ. ಫಲಕದಲ್ಲಿ ನಾನು ಬರೆದ ಕುದುರೆಯ ಮುಂದೆ ಅವರು ಬೆತ್ತ ಊರಿ ಬಹಳ ಹೊತ್ತು ನಿಂತರು. "ಅಗದೀ ಖರೆ ಕುದುರಿ ಆಗ್ಯದ. ಕಿವಿ ನೋಡ್ರಿ, ಈಗ ಅಲ್ಲಾಡಸ್ತದ" ಎಂದರು. ಆಷಾಢದಲ್ಲಿ ಅವರ ಹೆಂಡತಿ ರುಕ್ಮಿಣಿಬಾಯಿ ತೀರಿಕೊಂಡು ವರ್ಷ ತುಂಬಿತು. ವರ್ಷಾಂತದ ಮರುದಿನ ನನಗೆ ಕರೆ ಬಂತು.

ರುಕ್ಮಿಣಿಬಾಯಿಯವರ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಮ್ಮಿಯಾಗುತ್ತದೆಂದು ಆಕೆ ಜೀವವಿರುವತನಕ ಕ್ಯಾಮರಾದ ಎದುರು ಬಂದಿರಲಿಲ್ಲ. ಭಾದ್ರಪದದ ಪಿತೃಪಕ್ಷದಲ್ಲಿ ಅವಿಧವಾ ನವಮಿ ಬರುತ್ತದೆ. ಗಂಡನಿಗಿಂತ ಮುಂಚೆ, ಕುಂಕುಮ ಬಳೆಗಳ ಸಮೇತ ತೀರಿಕೊಂಡ ಹೆಣ್ಣುಮಗಳ ಹೆಸರಿನಲ್ಲಿ ಅಂದು ಮುತ್ತೈದೆಯರನ್ನು ಕರೆದು ಊಟಕ್ಕೆ ಹಾಕಿ ಉಡಿ ತುಂಬುತ್ತಾರೆ. ಅಷ್ಟರಲ್ಲಿ ಆಕೆಯ ಎಣ್ಣೆಬಣ್ಣದ ಆಳೆತ್ತರದ ಚಿತ್ರ ಆಗಬೇಕು, ಬಂದ ಮುತ್ತೈದೆಯರು ಅದಕ್ಕೆ ಕುಂಕುಮ ಹಚ್ಚಬೇಕು ಎಂಬುದು ರಾಯರ ಆಸೆ. "ನಿಮ್ಮ ಕೈಯಾಗ ಕುದುರಿ ಬಂತಂದ್ರ ನಮ್ಮಾಕಿನೂ ಬರ್ತಾಳ" ಎಂದರು. ಊರಿನ ಕನ್ನಡದ ಮನೆಗಳಲ್ಲಿ ಅರ್ಧದಷ್ಟು ಅಂದು ಅಲ್ಲಿಗೆ ಊಟಕ್ಕೆ ಬರುವವು. ಚಿತ್ರ ಜನರ ಮನಸ್ಸಿಗೆ ಬಂದರೆ ನಾನು ಗೆದ್ದೆ, ವೆಂಕೋಬರಾಯರ ಖುರ್ಚಿಯ ಮಾತು ಮುಗಿಯಿತು. ಬರದಿದ್ದರೆ ದೀಪಾವಳಿ ದೂರವಿರಲಿಲ್ಲ.

ಪಡಸಾಲೆಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಸೀಸದ ಕಡ್ಡಿ ಹಿಡಿದು ಕೇಳಲು ಶುರು ಮಾಡಿದೆ. ಮಗ ಗೋವಿಂದ, "ಅವ್ವಂದು ಅಗಲ ಹಣಿ" ಎಂದ. ಸೊಸೆ ತಲೆ ಬಗ್ಗಿಸಿಕೊಂಡೇ, "ಅಷ್ಟೇನೂ ಅಗಲ ಇರಲಿಲ್ರಿ, ಕೂದಲು ಹಿಂದ ಸರದಿತ್ತು" ಎಂದಳು. ಮೂಗು ನೀಟು ಎಂದು ಒಬ್ಬರು, ತುಸು ಮೊಂಡು ಎಂದು ಒಬ್ಬರು. ನಾನು ಬರೆದ ಗೆರೆ ಅಳಿಸಿ ಅಳಿಸಿ ಕಾಗದ ತೂತಾಯಿತು. ರಾಯರು ಮಾತ್ರ ಸುಮ್ಮನೆ ಕೂತಿದ್ದರು. ನೀವು ಹೇಳಿ ಎಂದಾಗ ಬೆತ್ತದ ಹಿಡಿಕೆಯನ್ನು ತಿರುವುತ್ತ ಅಂದರು: "ದನಿ ನೆನಪದರಿ. ನಡಿಗಿ ನೆನಪದ. ಕೈ ಬಳಿ ಸಪ್ಪಳ ಕೇಳಿದ್ರ ಅಕಿನಽ ಅಂತ ಹೇಳ್ತಿದ್ದೆ. ಮಾರಿ... ಮಾರಿ ನೆನಪಾಗವಲ್ದು." ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಮನುಷ್ಯ. ಹಗಲು ಹೊತ್ತಿನಲ್ಲಿ ಹೆಂಡತಿಯ ಮುಖವನ್ನು ನೆಟ್ಟ ನೋಟದಿಂದ ನೋಡುವುದು ಆ ಕಾಲದ ಗಂಡಸಿಗೆ ನಾಚಿಕೆಯ ಮಾತಾಗಿತ್ತು.

ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ರಾಯರ ಅಕ್ಕ ದಾರಿ ತೋರಿಸಿದರು. ಅವರನ್ನು ಮನೆಯವರೆಲ್ಲ ಅತ್ತಿ ಎನ್ನುತ್ತಿದ್ದರು. "ಯಮುನಾನ್ನ ನೋಡಿ ಬರೀರಲ್ಲಾ. ತಾಯಿ ಪಡಿಯಚ್ಚು ಅದಾಳ. ಹಣಿ ಕಡೆ ನೋಡಬ್ಯಾಡ್ರಿ, ಕಣ್ಣು ಮೂಗು ಗದ್ದ ನೋಡಿಕೋರಿ. ಹಣಿ ನಾ ಹೇಳ್ತೀನಿ."

ಯಮುನಕ್ಕ ರಾಯರ ಮಗಳು. ಹೆಚ್ಚುಕಮ್ಮಿ ನನ್ನದೇ ವಯಸ್ಸು. ಎಳೆಯ ವಯಸ್ಸಿನಲ್ಲೇ ಗಂಡ ಸತ್ತು, ತಲೆಗೂದಲು ತೆಗೆಸಿ, ಕೆಂಪು ಸೀರೆ ಉಡಿಸಿ ತವರಿಗೆ ತಂದು ಬಿಟ್ಟಿದ್ದರು. ಅಷ್ಟು ದೊಡ್ಡ ಮನೆಯ ಅಡಿಗೆಯೆಲ್ಲ ಅವರ ಕೈಯಲ್ಲಿ. ಆದರೆ ಹಬ್ಬದ ದಿನ ಅವರು ಎದುರು ಬರಬಾರದು. ಅತ್ತಿಯೂ ಅಂಥವರೇ. ರಾಯರು ಸ್ವಲ್ಪ ಹೊತ್ತು ಯೋಚಿಸಿ ಹೂಂ ಎಂದರು. ಆ ಹೂಂ ಅವರೇ ಅಂದದ್ದು. ಇದನ್ನು ನಾನು ಇಂದಿಗೂ ಗಟ್ಟಿಯಾಗಿ ಹೇಳುತ್ತೇನೆ.

ಶ್ರಾವಣವಿಡೀ ನಾನು ಆ ವಾಡೆಗೆ ನಡೆದೆ. ಪುಣೆಯ ಮಳೆ ಧೋ ಎಂದು ಸುರಿದು ಮುಗಿಯುವುದಿಲ್ಲ, ಜಿಟಿಜಿಟಿ ಹಿಡಿದರೆ ಬಿಡುವುದೇ ಇಲ್ಲ. ಮುಠಾ ನದಿ ಕೆಂಪಾಗಿ ತುಂಬಿತ್ತು. ಪೇಠಿನ ಓಣಿಗಳಲ್ಲಿ ಟಾಂಗಾದ ಕುದುರೆಗಳು ಜಾರುತ್ತಿದ್ದವು. ಒಳ ಚೌಕದ ಬೆಳಕು ಬೀಳುವ ಕಡೆ ಚಿತ್ರದ ಹಲಗೆ ನಿಲ್ಲಿಸಿಕೊಳ್ಳುತ್ತಿದ್ದೆ. ಎದುರಿಗೆ ಕಂಬದ ಪಕ್ಕ ಯಮುನಕ್ಕ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂರುತ್ತಿದ್ದರು, ಸೆರಗು ಹುಬ್ಬಿನ ತನಕ. ನಡುವೆ ಕಾವಲಿಗೆ ಅತ್ತಿ ಮತ್ತು ಅವರ ಬತ್ತಿಗಳು. ಆ ಹವೆಯಲ್ಲಿ ಎಣ್ಣೆಬಣ್ಣ ಒಣಗುವುದೇ ದೊಡ್ಡ ಪಂಚಾಯಿತಿ. ನಿನ್ನೆ ಹಚ್ಚಿದ್ದು ಇವತ್ತೂ ಹಸಿ, ನಾಳೆಯೂ ಹಸಿ. ಕೆಂಪಂತೂ ಎಲ್ಲಕ್ಕಿಂತ ತಡ. ಒಂದು ಪದರ ಆರುವ ತನಕ ಇನ್ನೊಂದು ಹಚ್ಚಲಾರದೆ ನಾನು ಸುಮ್ಮನೆ ನೋಡುತ್ತ ಕೂರಬೇಕಾಗುತ್ತಿತ್ತು. ಹೀಗಾಗಿ ಆ ಮುಖವನ್ನು ನಾನು ಬರೆದದ್ದಕ್ಕಿಂತ ನೋಡಿದ್ದೇ ಹೆಚ್ಚು.

ಮೊದಮೊದಲು ಅವರು ಮಾತೇ ಆಡುತ್ತಿರಲಿಲ್ಲ. ಒಂದು ದಿನ ತಾವಾಗಿಯೇ ಕೇಳಿದರು: "ಮಾಸ್ತರ, ಅಪ್ಪ ನಿಮ್ಮ ಕುದುರಿ ನೋಡಿ ಕರಿಸಿದ್ರಂತ, ಖರೇನ?" ಚಿತ್ರ ಬರೆಯುವವನು ಆ ಮನೆಯವರಿಗೆ ಡ್ರಾಯಿಂಗ್ ಮಾಸ್ತರನೇ.

"ಖರೇರಿ ಯಮುನಕ್ಕ."

"ಹಂಗಾರ ಮೊದಲ ಕುದುರಿ, ಆಮ್ಯಾಲೆ ನಮ್ಮವ್ವ" ಎಂದು ನಕ್ಕರು. ನಕ್ಕವರೇ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅತ್ತಿ, "ಏ ಯಮುನಾ" ಎಂದು ಗದರಿದರು. "ನಮ್ಮವ್ವನೂ ಹಿಂಗಽ ರಿ, ನಗೂದು ಕಾಣಿಸಿಗೊಡ್ತಿದ್ದಿಲ್ಲ" ಎಂದು ಮತ್ತೆ ಅಕ್ಕಿಗೆ ತಲೆ ಬಗ್ಗಿಸಿದರು. ಆದರೆ ಸೆರಗಿನ ಹಿಂದೆ ಅಡಗಿದ ಆ ನಗು ಕಣ್ಣಿನಲ್ಲಿ ಉಳಿದಿತ್ತು. ನಾನು ಕೂಡಲೇ ಕುಂಚ ಎತ್ತಿಕೊಂಡೆ. ಅಂದು ಮಧ್ಯಾಹ್ನ ಮನೆಗೆ ಬರುವಾಗ ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತಿದ್ದೆ. ನನಗೆ ಗೊತ್ತಾಗಿತ್ತು. ಅದು ಬಂದಿತ್ತು. ಇಷ್ಟು ವರ್ಷ ಯಾವುದಕ್ಕಾಗಿ ಅನ್ನ ನಿದ್ದೆ ಬಿಟ್ಟಿದ್ದೆನೋ ಅದು ಆ ಎರಡು ಕಣ್ಣುಗಳಲ್ಲಿ ಬಂದು ಕೂತಿತ್ತು. ಅಂಥ ಸಂತೋಷ ಆಮೇಲೆ ಮಗಳು ಹುಟ್ಟಿದಾಗಲೂ ನನಗೆ ಆಗಲಿಲ್ಲ. ಇದನ್ನು ಮಗಳಿಗೆ ಹೇಳುವಂತಿಲ್ಲ.

ಚಿತ್ರದಲ್ಲಿ ಅತ್ತಿ ಹೇಳಿದ ಹಣೆ ಬರೆದೆ, ಬೈತಲೆ ತೆಗೆದು ನರೆತ ಕೂದಲು ಬರೆದೆ, ಮುತ್ತಿನ ನತ್ತು, ಹಸಿರು ಬಳೆ, ಜರಿಯ ಸೀರೆ, ಎಲ್ಲ ಮನೆಯವರು ತೋರಿಸಿದ ಹಾಗೆ. ಗಲ್ಲಕ್ಕೆ ಮುಪ್ಪು ಕೊಟ್ಟೆ. ಕಣ್ಣಿಗೆ ಮಾತ್ರ ಕೈ ಹಚ್ಚಲಿಲ್ಲ. ಹಚ್ಚಿದರೆ ಅದು ಸತ್ತುಹೋಗುತ್ತಿತ್ತು. ಹಣೆ ಖಾಲಿ ಇತ್ತು. ಕುಂಕುಮವನ್ನು ಎಲ್ಲಕ್ಕಿಂತ ಕಡೆಗೆ, ಒಳ್ಳೆಯ ವೇಳೆ ನೋಡಿ ಇಡಬೇಕೆಂದು ರಾಯರು ಹೇಳಿದ್ದರು.

ಒಂದು ದಿನ ಅತ್ತಿ ಮಡಿನೀರಿಗೆಂದು ಒಳಗೆ ಹೋದಾಗ ಯಮುನಕ್ಕ ಮೊರ ಕೆಳಗಿಟ್ಟು ಎದ್ದು ಬಂದು ನನ್ನ ಹಿಂದೆ ನಿಂತರು. ಮಾಡಿನ ನೀರು ತೊಟ್ಟಿಕ್ಕುತ್ತಿತ್ತು.

"ನಮ್ಮವ್ವ ಹಿಂಗ ಇರಲಿಲ್ರಿ" ಎಂದರು.

ನಾನು ಕುಂಚ ಕೆಳಗಿಟ್ಟೆ. "ಎಲ್ಲೆ ತಪ್ಪ್ಯದ ಹೇಳ್ರಿ, ತಿದ್ತೀನಿ."

ಅವರು ತಮ್ಮ ಗದ್ದವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ನಾನು ಕನ್ನಡಿ ನೋಡೂದು ಬಿಟ್ಟು ಭಾಳ ವರ್ಷ ಆತ್ರಿ, ಮಾಸ್ತರ. ಬ್ಯಾಡ, ತಿದ್ದಬ್ಯಾಡ್ರಿ." ತಿರುಗಿ ಹೋಗುತ್ತಿದ್ದವರು ನಿಂತು, "ಕುಂಕುಮ ಎಂದ ಇಡ್ತೀರಿ?" ಎಂದು ಕೇಳಿದರು. ನವಮಿಗೆ ಎರಡು ದಿನ ಮೊದಲು ಎಂದೆ. ಆ ದಿನ ನಾನು ಕುಂಕುಮ ಬರೆಯುವಾಗ ಅಡಿಗೆಮನೆಯ ಬಾಗಿಲಲ್ಲಿ ಕೆಂಪು ಸೀರೆಯ ಅಂಚು ಕಾಣುತ್ತಿತ್ತು. ಹೊರಗೆ ಮಳೆ ಬಿಡುವು ಕೊಟ್ಟಿರಲಿಲ್ಲ.

ನವಮಿಯ ದಿನ ಚಿತ್ರವನ್ನು ಪಡಸಾಲೆಯ ನಡುಗೋಡೆಗೆ ತೂಗುಹಾಕಿ, ಮೇಲೆ ಒಂದು ಶಾಲು ಹೊದಿಸಿದ್ದರು. ಊಟ ಮುಗಿಯಿತು. ಮುತ್ತೈದೆಯರು ಉಡಿ ತುಂಬಿಸಿಕೊಂಡು ಸಾಲಾಗಿ ನಿಂತರು. ಗಂಡಸರು ಈ ಕಡೆ. ವೆಂಕೋಬರಾಯರೂ ಬಂದಿದ್ದರು, ಬರಲೆಂದು ನಾನೇ ಹೇಳಿ ಕರೆಸಿದ್ದೆ. ನರಸಿಂಗರಾಯರು ಶಾಲು ಸರಿಸಿದರು. ಒಂದು ಕ್ಷಣ ಎಲ್ಲರ ಬಾಯಿಂದ ಆಹಾ ಎಂಬ ಉಸಿರು ಬಂತು. ಅದನ್ನು ನಾನು ಕೇಳಿದ್ದೇನೆ. ನನ್ನ ಬಾಳಿನಲ್ಲಿ ನನಗೆ ಸಿಕ್ಕ ಹೊಗಳಿಕೆ ಅಷ್ಟು.

ನೆರೆಮನೆಯ ಸರಸ್ವತಿಬಾಯಿ ಎಲ್ಲರಿಗಿಂತ ಹಿರಿಯ ಮುತ್ತೈದೆ. ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಮುಂದೆ ಬಂದರು. ಬೆರಳಿಗೆ ಕುಂಕುಮ ತೆಗೆದುಕೊಂಡು ಚಿತ್ರದ ಹತ್ತಿರ ಕೈ ಎತ್ತಿದವರು ಅಲ್ಲೇ ನಿಂತರು. ಕತ್ತು ಮುಂದೆ ಚಾಚಿ ನೋಡಿದರು.

"ಅಯ್ಯ, ಇಕಿ ನಮ್ಮ ಯಮುನಾ ಅಲ್ಲೇನ?"

ತಮ್ಮ ಹೆಸರು ಕೇಳಿ, ಯಾರೋ ಕರೆದರೆಂದು ಯಮುನಕ್ಕ ಅಡಿಗೆಮನೆಯ ಬಾಗಿಲಿಗೆ ಬಂದರು, ಕೈಯಲ್ಲಿ ಮಜ್ಜಿಗೆಯ ತಂಬಿಗೆ. ಎಲ್ಲರೂ ಅವರನ್ನು ನೋಡಿದರು, ಚಿತ್ರವನ್ನು ನೋಡಿದರು, ಮತ್ತೆ ಅವರನ್ನು ನೋಡಿದರು. ಕೂದಲು, ನತ್ತು, ಹಸಿರು ಬಳೆ, ಹಣೆಯ ನಡುವೆ ಅಗಲವಾದ ಕುಂಕುಮ. ಬಾಗಿಲಲ್ಲಿ ನಿಂತವರಿಗೆ ಅದೊಂದೂ ಇಲ್ಲ. ಕಣ್ಣು ಮಾತ್ರ ಎರಡೂ ಕಡೆ ಅವೇ.

ನಾನು ರಾಯರನ್ನು ನೋಡುತ್ತಿದ್ದೆ. ಮುದುಕರ ಕಣ್ಣು ತುಂಬಿತು. ಮಗಳು ಗಂಡನೊಡನೆ ಬಾಳಿದ್ದರೆ ಹೀಗಿರುತ್ತಿದ್ದಳು ಎಂಬುದು ಅವರಿಗೆ ಆ ಕ್ಷಣ ಕಂಡಿರಬೇಕು. ಹಾಗೆ ನಾನು ನಂಬಿದ್ದೇನೆ. ಆಮೇಲೆ ಯಾರೋ ಹೆಂಗಸು "ರಾಮ ರಾಮ" ಎಂದಳು. ಯಾರೋ ಗಂಡಸು ಗಂಟಲು ಸರಿಪಡಿಸಿಕೊಂಡ. ರಾಯರ ಮುಖದ ಬಣ್ಣ ತಿರುಗಿತು.

"ಅಳಸ್ರಿ" ಎಂದರು. "ಮೊದಲ ಆ ಕುಂಕುಮ ಅಳಸ್ರಿ."

ನನ್ನ ಕೈ ಏಳಲಿಲ್ಲ. ಬಣ್ಣ ಇನ್ನೂ ಹಸಿಯಾಗಿದೆ, ಒಂದು ಬಟ್ಟೆ ತಾಗಿದರೆ ಹೋಗುತ್ತದೆ ಎಂದು ಆ ಇಡೀ ಪಡಸಾಲೆಯಲ್ಲಿ ಗೊತ್ತಿದ್ದವನು ನಾನೊಬ್ಬ. ಗೋವಿಂದ ಹೆಗಲ ಮೇಲಿನ ಪಂಜೆ ತೆಗೆದು ಮುಂದೆ ಬಂದ.

"ತಡಿ, ಗೋವಿಂದಾ." ಯಮುನಕ್ಕ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ನಡೆದು ಬಂದರು. ಮುತ್ತೈದೆಯರು ಸೀರೆ ತಾಗದ ಹಾಗೆ ಸರಿದು ದಾರಿ ಬಿಟ್ಟರು. "ಒಮ್ಮೆ ನೀವು ಮಂದಿ ಕೂಡಿ ಅಳಸೀರಿ. ಈ ಸರ್ತೆ ನಾನಽ ಅಳಸ್ಕೋತೀನಿ" ಎಂದರು. ದನಿ ಏರಲಿಲ್ಲ. ಸೆರಗಿನ ತುದಿ ಹಿಡಿದು ಚಿತ್ರದ ಹಣೆಯನ್ನು ಒರೆಸಿದರು. ಕೆಂಪು ಹುಬ್ಬಿನಿಂದ ಬೈತಲೆಯ ತನಕ ಹರಡಿತು. ಇನ್ನೊಮ್ಮೆ ಒರೆಸಿದರು. ಅವರ ಸೀರೆಯೂ ಕೆಂಪೇ ಆದ್ದರಿಂದ ಅದರ ಮೇಲೆ ಕಲೆ ಕಾಣಲಿಲ್ಲ. ತಂಬಿಗೆ ಎತ್ತಿಕೊಂಡು ಒಳಗೆ ಹೋದರು.

ಚಿತ್ರವನ್ನು ಗೋಣಿಯಲ್ಲಿ ಸುತ್ತಿ ಅಂದೇ ನನ್ನ ಮನೆಗೆ ಕಳಿಸಿದರು. ವೆಂಕೋಬರಾಯರು ಮೆಟ್ಟಿಲ ತನಕ ನನ್ನ ಜೊತೆ ಬಂದು, ಬೆನ್ನು ತಟ್ಟಿ ಹೋದರು. ಇಂದಿರಾ ಗೋಣಿ ನೋಡಿಯೇ ಹೆದರಿದಳು. "ಕುಂಕುಮ ಅಳಿಸಿದ ಚಿತ್ರ ಮನ್ಯಾಗ ಬ್ಯಾಡ್ರಿ, ಕೈಮುಗೀತೀನಿ" ಎಂದಳು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಎಷ್ಟೋ ದಿನ ಹಾಗೇ ಮಲಗಿದ್ದೆ. ಊಟ ಬೇಡ, ಮಾತು ಬೇಡ. ನನ್ನ ಕೈಯಿಂದ ಆದ ಒಂದೇ ಒಂದು ನಿಜವಾದ ಕೆಲಸದಿಂದ ಒಬ್ಬ ಹೆಣ್ಣುಮಗಳು ಎರಡನೇ ಸಲ ವಿಧವೆಯಾದಳು ಎಂಬ ಮಾತು ತಲೆಯಲ್ಲಿ ಗಾಣ ತಿರುಗಿದಂತೆ ತಿರುಗುತ್ತಿತ್ತು. ಕೆಟ್ಟದಾಗಿ ಬರೆದಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ. ಹಾಗಾದರೆ ಚೆನ್ನಾಗಿ ಬರೆಯುವುದು ಯಾತಕ್ಕೆ?

ನವರಾತ್ರಿಯ ಹೊತ್ತಿಗೆ ನರಸಿಂಗರಾಯರು ಟಾಂಗಾ ಮಾಡಿಕೊಂಡು ತಾವೇ ಬಂದರು. ನಮ್ಮ ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೂತರು. "ಮಾಸ್ತರ, ನೀವು ಛಲೋ ಬರದೀರಿ. ಅದಽ ತಪ್ಪಾತು" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಪೇಠ್ಯಾಗ ಮಂದಿ ಬಾಯಿಗೆ ಬಂದಂಗ ಆಡ್ಲಿಕತ್ತಾರ. ಯಮುನಾ ಗುಡಿಗೆ ಸುದ್ದಾ ಹೋಗಧಂಗ ಆಗ್ಯದ. ಆ ಮಾರಿ ಎಲ್ಲೂ ಉಳೀಬಾರದು. ಅದರ ಮ್ಯಾಲೇನ ಬ್ಯಾರೆ ಬರೀರಿ. ಯಾರನ್ನೂ ನೋಡಬ್ಯಾಡ್ರಿ, ಮನಸಿಗೆ ಬಂದಂಗ ಬರೀರಿ" ಎಂದರು. ತಮಗಾಗಿ ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ. ಯಮುನಕ್ಕನ ಹೆಸರು ಹೇಳಿದ ಮೇಲೆ ಒಪ್ಪಿಕೊಂಡೆ.

ಬಿಳಿಬಣ್ಣ ಕಲಸಿಕೊಂಡು ಗೋಣಿ ಬಿಚ್ಚಿದೆ. ಇಂದಿರಾ ಆಗಲೇ ಆ ಮುಖವನ್ನು ಮೊದಲ ಸಲ ನೋಡಿದ್ದು. "ಬ್ಯಾಸರಕಿ ಇಲ್ಲಧಂಗ ನೋಡ್ತಾರಲ್ರೀ" ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ನಾನು ಸೀರೆಯಿಂದ ಶುರು ಮಾಡಿದೆ, ಬಳೆ ಮುಚ್ಚಿದೆ, ನತ್ತು ಮುಚ್ಚಿದೆ, ಬಾಯಿ ಮುಚ್ಚಿದೆ. ಕಣ್ಣಿನ ತನಕ ಬಂದಾಗ ಕೈ ನಿಂತಿತು. ಆಮೇಲೆ ಅದನ್ನೂ ಮುಚ್ಚಿದೆ. ಯಾರದೋ ಹೆಣದ ಕಣ್ಣು ಮುಚ್ಚಿದ ಮೇಲೆ ಮಾಡುವ ಹಾಗೆ ಇಬ್ಬರೂ ಸ್ನಾನ ಮಾಡಿದೆವು.

ಆಶ್ವಿನದ ಬಿಸಿಲಿಗೆ ಅದು ಬೇಗ ಒಣಗಿತು. ಗಿರಣಿಯ ಬಟ್ಟೆಯ ಗಂಟಿಗೆ ಅಂಟಿಸಿ ಕಳಿಸುವ ಲಕ್ಷ್ಮಿಯ ಅಚ್ಚುಚಿತ್ರವೊಂದು ಮನೆಯಲ್ಲಿತ್ತು. ಅದನ್ನು ಎದುರಿಗೆ ಇಟ್ಟುಕೊಂಡು, ಎರಡು ಕೈ ಕಮ್ಮಿ ಮಾಡಿ, ಕೂದಲಿಗೆ ನರೆ ಕೊಟ್ಟು, ನತ್ತು ತೊಡಿಸಿದೆ. ಉಬ್ಬಿದ ಗಲ್ಲ, ಬಾದಾಮಿ ಕಣ್ಣು, ಎಲ್ಲಿಯೂ ನೋಡದ ನೋಟ. ಎಂಟು ದಿನದಲ್ಲಿ ಮುಗಿಯಿತು. ಕುಂಕುಮವನ್ನೂ ವೇಳೆ ನೋಡದೆ ಇಟ್ಟೆ.

ದೀಪಾವಳಿ ಹತ್ತಿರ ಬಂದಾಗ ಅದನ್ನು ಅದೇ ಗೋಡೆಗೆ ಏರಿಸಿದರು. ಈ ಸಲ ಮನೆಯವರು ಮತ್ತು ನೆರೆಯ ನಾಲ್ಕು ಜನ, ಅಷ್ಟೇ. ಗೋವಿಂದ ನೋಡಿದವನೇ ಬಿಕ್ಕಿ ಬಿಕ್ಕಿ ಅತ್ತ: "ಅಗದೀ ಅವ್ವನಽ! ಅವ್ವ ಎದ್ದು ಬಂದಂಗ ಆಗ್ಯದ!" ಸೊಸೆ ನೆಲಕ್ಕೆ ಹಣೆ ಹಚ್ಚಿದಳು. ಸರಸ್ವತಿಬಾಯಿ ಸಮಾಧಾನದಿಂದ ಕುಂಕುಮ ಹಚ್ಚಿದರು. ನರಸಿಂಗರಾಯರು ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ, ತಲೆ ಆಡಿಸುತ್ತ ನಿಂತರು. "ಹೌದು, ಹೌದು. ಈಗ ನೆನಪಾತು ನೋಡ್ರಿ. ಅಕಿ ಹಿಂಗಽ ಇದ್ಲು" ಎಂದರು. ಒಂದು ವರ್ಷ ಹುಡುಕಿದ ಹೆಂಡತಿಯ ಮುಖ ಮುದುಕರಿಗೆ ಗಿರಣಿ ಬಟ್ಟೆಯ ಗಂಟಿನ ಮೇಲೆ ಸಿಕ್ಕಿತ್ತು, ಇನ್ನು ಅವರು ಸಾಯುವತನಕ ಅದೇ ಮುಖವನ್ನು ಕಾಣುತ್ತಾರೆ.

ಅಲ್ಲಿಯೇ ಇಬ್ಬರು ನನ್ನ ಕೈ ಹಿಡಿದುಕೊಂಡರು. ಒಬ್ಬರಿಗೆ ತೀರಿಕೊಂಡ ತಂದೆಯ ಚಿತ್ರ ಬೇಕು, ಇನ್ನೊಬ್ಬರಿಗೆ ಅತ್ತೆಯದು. "ಹಿಂಗಽ ಇರಬೇಕ್ರಿ, ನೋಡಿದ್ರ ಶಾಂತಿ ಆಗಬೇಕು" ಎಂದರು. ಇಬ್ಬರಿಗೂ ಸೋಮವಾರ ಬರುತ್ತೇನೆಂದು ಹೇಳಿದೆ. ಆರು ತಿಂಗಳ ಹಿಂದೆ ಇದೇ ಮಾತಿಗಾಗಿ ನಾನು ಹರಕೆ ಹೊರಲು ತಯಾರಿದ್ದೆ. ಕುಂಚ ಹಿಡಿದು ಬದುಕಬಹುದು ಎಂಬುದು ಕಡೆಗೂ ಸಾಬೀತಾಗಿತ್ತು.

ಹಿತ್ತಲ ಬಾಗಿಲಿನಿಂದ ಹೊರಟಾಗ ಯಮುನಕ್ಕ ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದರು. ನವಮಿಯ ನಂತರ ನಾನು ಅವರನ್ನು ಕಂಡಿರಲಿಲ್ಲ. ಸೊರಗಿದ್ದರು. ಕೈ ತೊಳೆದುಕೊಂಡು, ಸೆರಗು ಮುಂದಕ್ಕೆ ಎಳೆದುಕೊಂಡು ಎದ್ದು ನಿಂತರು.

"ಈ ಸರ್ತೆ ಛಲೋ ಬರದೀರಿ, ಮಾಸ್ತರ" ಎಂದರು. "ಇದರಾಗ ಯಾರೂ ಇಲ್ಲ. ಯಾರಿಗೂ ತ್ರಾಸಿಲ್ಲ."

ಅದರ ಅಡಿಯಲ್ಲಿ ನೀವಿದ್ದೀರಿ ಎಂದು ಹೇಳಲು ಬಾಯಿ ತೆರೆದೆ. ಹಿಂದೆ ಬಾಗಿಲಲ್ಲಿ ಅತ್ತಿ ಬಂದು ನಿಂತಿದ್ದರು. ಯಮುನಕ್ಕ ಮತ್ತೆ ಪಾತ್ರೆಗೆ ಬಗ್ಗಿದರು.

ಸೋಮವಾರ ಆ ಇಬ್ಬರ ಮನೆಗೂ ನಾನು ಹೋಗಲಿಲ್ಲ. ಕಚೇರಿಗೆ ಹೋದೆ.